ಗುಂಡನ ಕುರ್ಚಿ

ನನ್ನ ತಮ್ಮ ತೀರಿಹೋದ ಸುದ್ದಿ ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಸ್ವಲ್ಪ ಮೆಲ್ಲಗೆ ಹೇಳಿ" ಎಂಬುದು.

ಸುದ್ದಿ ತಂದವನು ನನ್ನ ತಮ್ಮ ಕೆಲಸಕ್ಕಿದ್ದ ಹಡಗು ಕಂಪನಿಯ ಕಚೇರಿಯ ಮನುಷ್ಯ. ನಾನು ಅಂಗಡಿಯ ನೆಲದ ಮೇಲೆ ಕೂತು ಒಂದು ಸೀಟಿಗೆ ಬೆತ್ತ ಹೆಣೆಯುತ್ತಿದ್ದೆ. ಬೆತ್ತದ ಕುರ್ಚಿ ರಿಪೇರಿ ನನ್ನ ಕಸುಬು. ನಮ್ಮ ಚರ್ಚಿನ ಕುರ್ಚಿಗಳೆಲ್ಲ ನನ್ನ ಕೈಯಲ್ಲೇ ಹಾದುಹೋಗಿವೆ. ಆತ ಬಾಗಿಲಲ್ಲಿ ನಿಂತು, ತಮ್ಮನ ಹೆಸರು ಹೇಳಿ, ನೀವು ಅವರ ಅಣ್ಣನೇ ಎಂದು ಕೇಳಿದ. ಹೌದೆಂದೆ. ಎಂಜಿನ್ ಕೋಣೆಯ ಏಣಿಯಿಂದ ಬಿದ್ದನಂತೆ. ಹಡಗು ಹತ್ತಿರದ ಬಂದರು ಸೇರಿ ಆಸ್ಪತ್ರೆಗೆ ಹಾಕಿದರೂ ಉಳಿಯಲಿಲ್ಲವಂತೆ. ಕಂಪನಿಯವರ ಬಳಿ ಇದ್ದದ್ದು ನಮ್ಮ ಹಳೆಯ ಮನೆಯ ವಿಳಾಸ. ಆ ಮನೆ ಕೆಡವಿ ಬಹಳ ಕಾಲವಾಗಿತ್ತು. ನಮ್ಮನ್ನು ಹುಡುಕುವಷ್ಟರಲ್ಲಿ ಆ ಊರಿನ ಚರ್ಚಿನವರೇ ಪ್ರಾರ್ಥನೆ ಮಾಡಿ ಅವನನ್ನು ಮಣ್ಣು ಮಾಡಿದ್ದರು.

ಮೆಲ್ಲಗೆ ಹೇಳಿ ಎಂದದ್ದು ಅಕ್ಕನಿಗಾಗಿ. ಅಂಗಡಿಯ ಬಾಗಿಲಿಗೆ ಸರಿಯಾಗಿ ಮೇಲೆ ಅಕ್ಕನ ಕಿಟಕಿ. ಅವಳು ಹೃದಯದ ಆಪರೇಷನ್ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದಳು. ಮನಸ್ಸಿಗೆ ಪೆಟ್ಟು ಬೀಳುವಂಥ ಯಾವ ಮಾತನ್ನೂ ಸದ್ಯಕ್ಕೆ ಆಡಕೂಡದು ಎಂದು ಡಾಕ್ಟರು ನನ್ನನ್ನೂ ನನ್ನ ಹೆಂಡತಿಯನ್ನೂ ನಿಲ್ಲಿಸಿಕೊಂಡು ಹೇಳಿದ್ದರು.

"ಯಾರೋ ಅದು?" ಎಂದು ಅಕ್ಕ ಮೇಲಿನಿಂದ ಕೇಳಿದಳು.

"ಗಿರಾಕಿ, ಅಕ್ಕಾ."

"ಏನಂತೆ?"

"ಕುರ್ಚಿ ಮುರಿದಿದೆಯಂತೆ."

ಆ ಮನುಷ್ಯ ನನ್ನ ಮುಖ ನೋಡಿದ, ಕಿಟಕಿಯತ್ತ ನೋಡಿದ, ತಲೆ ಬಾಗಿಸಿ ಹೊರಟುಹೋದ. ಬೆತ್ತ ನೆನೆಹಾಕಿದ್ದ ಬೇಸಿನ್ನಿನ ನೀರಲ್ಲೇ ನಾನು ಮುಖ ತೊಳೆದುಕೊಂಡೆ.

ತಮ್ಮನನ್ನು ನಾವು ಕರೆಯುತ್ತಿದ್ದದ್ದು ಗುಂಡ ಎಂದು. ಎಳವೆಯಲ್ಲಿ ದುಂಡಗಿದ್ದ, ದೊಡ್ಡವನಾದ ಮೇಲೆ ನಾನು ಹೆಣೆಯುವ ಬೆತ್ತದ ಹಾಗೆ ಸಣಕಲಾದರೂ ಹೆಸರು ಕರಗಲಿಲ್ಲ. ಅವನನ್ನು ಹೆತ್ತ ಕೆಲವೇ ದಿನಗಳಲ್ಲಿ ಅಮ್ಮ ಹೋಗಿಬಿಟ್ಟಳು. ಅಕ್ಕ ಮದುವೆಯ ಮಾತೇ ಎತ್ತಗೊಡದೆ ಅವನನ್ನು ಸಾಕಿದಳು. ಅವನಿಗೆ ಅವಳೇ ತಾಯಿ. ಆ ತಾಯಿಗೆ ಮಗ ಸತ್ತದ್ದನ್ನು ಹೇಳದೆ ಮುಚ್ಚಿಡುತ್ತಿದ್ದೆವು ನಾವು.

ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೊಂದು ಕ್ರಮವಿದೆ. ಅಕ್ಕ ತನ್ನದೇ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುತ್ತಾಳೆ. ಉಳಿದವರು ಆಮೆನ್ ಅನ್ನಬೇಕು. ಎಲ್ಲರ ಆಮೆನ್ ಕಿವಿಗೆ ಬೀಳುವ ತನಕ ಅವಳು ಜೋಡಿಸಿದ ಕೈ ಬಿಚ್ಚುವುದಿಲ್ಲ. ಆಮೆನ್ ಎಂಬುದು ಮುದ್ರೆ. ಮುದ್ರೆ ಬೀಳದ ಪ್ರಾರ್ಥನೆ ತನ್ನೊಬ್ಬಳದು, ಮುದ್ರೆ ಬಿದ್ದದ್ದು ಮನೆಯದು ಎಂದು ಅವಳ ಲೆಕ್ಕ. ಚಿಕ್ಕಂದಿನಲ್ಲಿ ಗುಂಡ ಬೇಕೆಂದೇ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ, ಅಕ್ಕ ಎಷ್ಟು ಹೊತ್ತು ಕೈ ಮುಗಿದುಕೊಂಡಿರುತ್ತಾಳೆ ನೋಡೋಣ ಎಂದು. ಕೊನೆಗೆ ತಾನೇ ಕಿಸಕ್ಕೆಂದು ನಕ್ಕು ಸೋಲುತ್ತಿದ್ದ. ಒಮ್ಮೆ ಮಾತ್ರ ನಗಲಿಲ್ಲ. ಅವನ ನಾಯಿಮರಿಗೆ ಕಲ್ಲು ಹೊಡೆದ ಎದುರುಮನೆಯವನ ಆರೋಗ್ಯಕ್ಕಾಗಿ ಅಕ್ಕ ಪ್ರಾರ್ಥಿಸಿದ್ದಳು. ಇದಕ್ಕೆ ನಾನು ಒಪ್ಪೋದಿಲ್ಲ ಎಂದ ಗುಂಡ. ಅಕ್ಕ ಗದರಲಿಲ್ಲ. ಒಪ್ಪದೆ ಇದ್ದರೆ ಅನ್ನಬೇಡ, ದೇವರ ಮುಂದೆ ಸುಮ್ಮನೆ ತಲೆಯಾಡಿಸುವ ಆಟ ಬೇಡ ಎಂದಳು. ಅಂದು ರಾತ್ರಿ ಕೈ ಮುಗಿದುಕೊಂಡೇ ಮಲಗಿದಳು ಎಂದು ಅವನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ.

ಸುದ್ದಿ ಬಂದ ದಿನದ ಸಂಜೆ ಅಕ್ಕ ದಿನದ ಹಾಗೇ ಬೇಡಿಕೊಂಡಳು. ಸ್ವಾಮೀ, ನೀರಿನ ಮೇಲಿರುವ ನಮ್ಮ ಗುಂಡನನ್ನು ಕಾಪಾಡು, ಅವನನ್ನು ಸುಖವಾಗಿ ಮನೆಗೆ ಕರೆದುಕೊಂಡು ಬಾ. ನನ್ನ ಹೆಂಡತಿ ಆಮೆನ್ ಎಂದಳು. ನಾನೂ ಎಂದೆ. ಬಾಯಿಗೆ ಸುಣ್ಣ ಹಾಕಿಕೊಂಡಂತಾಯಿತು.

ಹೀಗೆ ಶುರುವಾದದ್ದು ಹೀಗೇ ನಡೆಯಿತು. ಯಾಕೆ ಫೋನ್ ಮಾಡಿಲ್ಲ ಎಂದು ಅಕ್ಕ ಕೇಳಿದಳು. ಹಡಗು ನಡುನೀರಿನಲ್ಲಿದೆ, ಸಿಗ್ನಲ್ ಇಲ್ಲ ಎಂದೆ. ಸಂಜೆ ನಡುನೀರಿನ ಗಾಳಿ ಅಲೆಗಳು ತಣ್ಣಗಿರಲಿ ಎಂದು ಪ್ರಾರ್ಥನೆಯಾಯಿತು. ಅದಕ್ಕೊಂದು ಆಮೆನ್. ಇನ್ನೂ ಯಾಕೆ ಮಾಡಿಲ್ಲ ಎಂದಾಗ ನನ್ನ ಹೆಂಡತಿ ಎಂಜಿನ್ ಕೆಟ್ಟಿದೆಯಂತೆ ಅತ್ತಿಗೆ, ರಿಪೇರಿಗೆ ನಿಂತಿದೆಯಂತೆ ಎಂದುಬಿಟ್ಟಳು. ಸಂಜೆ ಎಂಜಿನ್ನಿಗೂ ಅದನ್ನು ಬಿಚ್ಚುವ ಕೈಗಳಿಗೂ ಪ್ರಾರ್ಥನೆ, ಅದಕ್ಕೂ ಆಮೆನ್. ನಾವು ಹಗಲು ಹೇಳಿದ ಸುಳ್ಳು ಸಂಜೆ ದೇವರ ಮುಂದೆ ಹೋಗಿ ನಿಲ್ಲುತ್ತಿತ್ತು. ಆಮೇಲಾಮೇಲೆ ನಾವಿಬ್ಬರೂ ಸುಳ್ಳಿಗೂ ಹೆದರಿ ಮಾತೇ ಕಡಿಮೆ ಮಾಡಿದೆವು.

ಅಳುವುದಕ್ಕೆ ಜಾಗವಿರಲಿಲ್ಲ. ಮನೆ ಎಂದರೆ ಮೇಲೆ ಎರಡು ಕೋಣೆ, ಕೆಳಗೆ ಅಂಗಡಿ, ನಡುವೆ ಒಂದೇ ಮರದ ಮೆಟ್ಟಿಲು. ಯಾರು ಹತ್ತಿದರೂ ಇಳಿದರೂ ಅಕ್ಕನ ಕಿವಿಗೆ ಗೊತ್ತು. ಬೀದಿಯವರಿಗೆ, ಚರ್ಚಿನವರಿಗೆ ಸುದ್ದಿ ಮುಟ್ಟಿತ್ತು. ಅವರು ಸಮಾಧಾನ ಹೇಳಲು ಬಂದರೆ ನಾನು ಬಾಯಿಗೆ ಬೆರಳಿಟ್ಟು ಮೇಲೆ ತೋರಿಸಬೇಕು. ಅವರು ನನ್ನ ಕೈ ಅದುಮಿ ಗಟ್ಟಿಯಾಗಿ, "ಆ ಕುರ್ಚಿ ಯಾವಾಗ ಕೊಡ್ತೀರಿ?" ಎಂದು ಕೇಳಿ ಹೋಗುತ್ತಿದ್ದರು. ಇಷ್ಟೊಂದು ಕುರ್ಚಿ ಒಟ್ಟಿಗೆ ಮುರಿಯೋದಕ್ಕೆ ಊರಿನವರೆಲ್ಲ ಏನು ತಿಂತಿದ್ದಾರೋ ಎಂದು ಅಕ್ಕ ಮೇಲಿನಿಂದ ಹಾಸ್ಯ ಮಾಡುತ್ತಿದ್ದಳು.

ಫಾದರ್ ಅಕ್ಕನಿಗೆ ಪ್ರಸಾದ ಕೊಡಲು ಮನೆಗೇ ಬರುತ್ತಿದ್ದರು. ಗುಂಡನ ಆತ್ಮಕ್ಕಾಗಿ ಪೂಜೆ ಇಡಿ, ಆದರೆ ಹೆಸರು ಓದಬೇಡಿ, ಯಾರಾದರೂ ಬಂದು ಅಕ್ಕನ ಮುಂದೆ ಬಾಯಿಬಿಟ್ಟಾರು ಎಂದು ನಾನು ಕೇಳಿಕೊಂಡಿದ್ದೆ. ಅವರು ಒಪ್ಪಿ, ದೂರದ ಬಂದರಿನಲ್ಲಿ ಅಗಲಿದ ಒಬ್ಬ ಸಹೋದರನಿಗಾಗಿ ಎಂದಷ್ಟೇ ಹೇಳಿ ಪೂಜೆ ಮಾಡಿದರು. ನನ್ನ ತಮ್ಮ ತನ್ನ ಸ್ವಂತ ಚರ್ಚಿನಲ್ಲಿ ಹೆಸರಿಲ್ಲದವನಾದ. ಮುಂದೊಂದು ದಿನ ಅವರು ಬಂದಾಗ ಅಕ್ಕ, ನಮ್ಮ ಗುಂಡನಿಗಾಗಿ ಒಂದು ಮಾತು ಬೇಡಿಕೊಳ್ಳಿ ಫಾದರ್ ಎಂದಳು. ಅವರು ತಡವರಿಸಿ, ದೂರ ಇರುವ ಎಲ್ಲರನ್ನೂ ದೇವರು ನೆನೆಯಲಿ ಎಂದರು. ಹೊರಡುವಾಗ ಮೆಟ್ಟಿಲ ಬುಡದಲ್ಲಿ ನನ್ನ ತೋಳು ಹಿಡಿದು ನಿಂತು ಪಿಸುದನಿಯಲ್ಲಿ ಹೇಳಿದರು.

"ನೀವು ಹೆಣೆದದ್ದರಲ್ಲಿ ನಾನೂ ಸಿಕ್ಕಿಕೊಂಡೆ. ಇನ್ನೊಂದು ಸಲ ಅವರು ನೇರವಾಗಿ ಕೇಳಿದರೆ ನಾನು ಸುಳ್ಳು ಹೇಳೋದಿಲ್ಲ."

"ಅವಳಿಗೆ ಏನಾದರೂ ಆದರೆ, ಫಾದರ್?"

"ಆಗಬಹುದು. ಆದರೆ ಅವರ ದುಃಖ ಅವರದ್ದು. ಅದನ್ನು ನೀವು ಬೀಗ ಹಾಕಿ ಇಟ್ಟುಕೊಂಡಿದ್ದೀರಿ."

ಆ ವಾರವೇ ಅಕ್ಕನನ್ನು ತಪಾಸಣೆಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಗೆ ಯಂತ್ರ ಇಟ್ಟು ಕೇಳಿ, ಗಾಯ ನೋಡಿ, ಅವಳನ್ನು ಹೊರಗೆ ಕೂರಿಸಿದ ಮೇಲೆ ನನಗೆ ಹೇಳಿದರು: ನಾನು ಅಂದುಕೊಂಡದ್ದಕ್ಕಿಂತ ಗಟ್ಟಿ ಜೀವ, ಇನ್ನು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕಾದು ಕೂತಿದ್ದ ಮಾತು ಅದೇ. ಆದರೂ ಮನೆಗೆ ಬಂದು ಹೇಳಲಿಲ್ಲ. ಮೊದಲು ಅವಳ ಎದೆಗೆ ಹೆದರುತ್ತಿದ್ದೆ. ಈಗ ಅವಳ ಕಣ್ಣಿಗೆ ಹೆದರುತ್ತಿದ್ದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ ಏನೆನ್ನಲಿ? ನನ್ನ ಹೆಂಡತಿಯೂ ಒಂದು ಹಬೆಯಾಡುವ ಹಾಲಿನ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತು, "ನಾಳೆ ನೋಡೋಣ ರೀ" ಎಂದಳು. ನಾಳೆ ಬಂದಾಗಲೂ ಅದನ್ನೇ ಎಂದಳು. ಬಾಗಿಲು ತೆರೆದಿತ್ತು. ನಾವೇ ಒಳಗೆ ಕೂತಿದ್ದೆವು.

ಆಸ್ಪತ್ರೆಯಿಂದ ಬಂದ ಹುರುಪಿನಲ್ಲಿ ಅಕ್ಕ ನನಗೊಂದು ಕೆಲಸ ಹೇಳಿದಳು. ಗುಂಡ ಮನೆಗೆ ಬಂದಾಗ ಕೂರುತ್ತಿದ್ದ ಕುರ್ಚಿಯ ಬೆತ್ತ ಹರಿದು ನೇತಾಡುತ್ತಿತ್ತು. ಊರಿನ ಕುರ್ಚಿಯೆಲ್ಲ ರಿಪೇರಿ ಮಾಡುವವನ ಮನೆಯಲ್ಲಿ ಇದೊಂದು ಹೀಗೆ ಬಿದ್ದಿರುವುದು ನಾಚಿಕೆಗೇಡು, ರಜೆಗೆ ಬಂದವನು ಕೂತು ಕೆಳಗೆ ಹೋಗಿ ಸಿಕ್ಕಿಕೊಂಡಾನು, ಮೊದಲು ಅದನ್ನು ಹೆಣೆ ಎಂದಳು.

ಬೇಡವೆನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಕುರ್ಚಿಯನ್ನು ಕೆಳಗೆ ತಂದೆ. ಹಳೆಯ ಬೆತ್ತವನ್ನು ಚಾಕುವಿನಿಂದ ಕುಯ್ದು ತೆಗೆದೆ. ಚೌಕಟ್ಟಿನ ಸುತ್ತಲಿನ ತೂತುಗಳಲ್ಲಿ ಕಚ್ಚಿಕೊಂಡಿದ್ದ ಚೂರುಗಳನ್ನು ದಬ್ಬಣದಿಂದ ಕುಟ್ಟಿ ಬೀಳಿಸಿದೆ. ಒಂದು ತೂತಿನಿಂದ ಪೆನ್ಸಿಲ್ಲಿನ ಮುರಿದ ಮೊನೆ ಉದುರಿತು. ಶಾಲೆಗೆ ಹೋಗುವಾಗ ಅವನು ತುರುಕಿದ್ದಿರಬೇಕು. ಅದನ್ನು ಜೇಬಿಗೆ ಹಾಕಿಕೊಂಡೆ.

ಮುಂದಿನಿಂದ ಹಿಂದಕ್ಕೆ ಎಳೆ ಎಳೆದೆ. ಎಡದಿಂದ ಬಲಕ್ಕೆ ಎಳೆದೆ. ಒಂದೊಂದು ಎಳೆಗೂ, ಸ್ವಾಮೀ ಅವನಿಗೆ ಶಾಂತಿ ಕೊಡು ಎಂದು ಒಳಗೇ ಅನ್ನುತ್ತಿದ್ದೆ. ತುಟಿ ಅಲ್ಲಾಡಿದರೂ ಮೇಲಿನಿಂದ ಯಾರೋ ನೋಡಿದ ಹಾಗಾಗುತ್ತಿತ್ತು. ಸತ್ತವನಿಗೆ ಸೀಟು ಹೆಣೆಯುತ್ತಿದ್ದೇನೆ ಎಂಬುದು ನೆನಪಾದಾಗ ಎಳೆ ಸಡಿಲವಾಗುತ್ತಿತ್ತು. ಬಿಚ್ಚಿ ಮತ್ತೆ ಹಾಕುತ್ತಿದ್ದೆ. "ಎಲ್ಲಿಗೆ ಬಂತೋ?" ಎಂದು ಅಕ್ಕ ಮೇಲಿನಿಂದ ಕೇಳುತ್ತಿದ್ದಳು. "ಇನ್ನೂ ಅಡ್ಡ ಎಳೆಯಲ್ಲಿದ್ದೀನಿ" ಎನ್ನುತ್ತಿದ್ದೆ. ಮರುದಿನವೂ ಅಡ್ಡ ಎಳೆಯೇ. ನೆಯ್ಗೆಯವನ ಹಾಗೆ ಆಡ್ತೀಯಲ್ಲೋ, ಇದೇನು ಸೀರೆಯೇ ಎಂದಳು. ಎಷ್ಟು ದಿನ ಎಳೆಯಲಿ? ಓರೆ ಎಳೆಯೂ ಮುಗಿಯಿತು. ಅಂಚಿಗೆ ಅಗಲದ ಪಟ್ಟಿ ಕಟ್ಟಿದೆ. ಒಣಗಿ ಬೆತ್ತ ಬಿಗಿಯಾಯಿತು. ಬೆರಳಿನಿಂದ ತಟ್ಟಿದರೆ ಚರ್ಮದ ವಾದ್ಯದ ಹಾಗೆ ನುಡಿಯಿತು. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಸೀಟು ನಾನು ಹೆಣೆದಿಲ್ಲ.

ಕುರ್ಚಿಯನ್ನು ಹೊತ್ತು ಮೇಲೆ ತಂದು ಅಕ್ಕನ ಹಾಸಿಗೆಯ ಪಕ್ಕ ಇಟ್ಟೆ. ಅವಳು ಅಂಗೈಯಿಂದ ಸವರಿ ನೋಡಿದಳು. ಯಾರನ್ನೂ ಕೂರಿಸಬೇಡ, ಮೊದಲು ಅವನೇ ಕೂರಲಿ ಎಂದಳು.

ಸಂಜೆಯ ದೀಪ ಹಾಕಿದ ಮೇಲೆ ನನ್ನ ಹೆಂಡತಿಯೂ ಬಂದು ಕೂತಳು. ಅಕ್ಕ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಬೇಡುವುದನ್ನೆಲ್ಲ ಬೇಡಿ ಕೊನೆಗೆ, "ಸ್ವಾಮೀ, ಈ ಕುರ್ಚಿ ತಯಾರಾಗಿದೆ. ನಮ್ಮ ಗುಂಡನನ್ನು ಕರೆತಂದು ಇದರ ಮೇಲೆ ಕೂರಿಸು" ಎಂದಳು.

"ಆಮೆನ್" ಎಂದಳು ನನ್ನ ಹೆಂಡತಿ.

ನಾನು ಬಾಯಿ ತೆರೆದೆ. ಆ ಮಾತು ಬರಲಿಲ್ಲ. ಗಂಟಲಲ್ಲಿ ಏನೂ ಅಡ್ಡವಿರಲಿಲ್ಲ, ಅನ್ನಬಹುದಿತ್ತು. ಆದರೆ ಅಕ್ಕ ಯಾರ ಮುಂದೆ ಬೇಡಿದ್ದಳೋ ಆ ದೇವರಿಗೂ ನನಗೂ ಗುಂಡ ಎಲ್ಲಿದ್ದಾನೆಂದು ಗೊತ್ತಿತ್ತು. ಗೊತ್ತಿದ್ದ ಇಬ್ಬರ ನಡುವೆ ಗೊತ್ತಿಲ್ಲದವಳನ್ನು ಕೂರಿಸಿಕೊಂಡು ಇನ್ನೊಂದು ಸಲ ತಲೆಯಾಡಿಸಲು ನನ್ನಿಂದಾಗಲಿಲ್ಲ.

ನನ್ನ ಹೆಂಡತಿ ನನ್ನ ಮಂಡಿ ಚಿವುಟಿದಳು. ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಆಮೆನ್ ಎಂದಳು.

ಅಕ್ಕ ಕಣ್ಣು ತೆರೆಯಲಿಲ್ಲ, ಕೈ ಬಿಚ್ಚಲಿಲ್ಲ. "ಇದು ಇವಳದ್ದು. ಇನ್ನೊಂದು ಬರಲಿಲ್ಲ" ಎಂದಳು.

ಹೊರಗೆ ಬೀದಿಯಲ್ಲಿ ಯಾರದೋ ಅಂಗಡಿಯ ಬಾಗಿಲು ಎಳೆದು ಮುಚ್ಚಿದ ಸದ್ದು. ಅಕ್ಕ ಕಾದಳು. ಚಿಕ್ಕಂದಿನಲ್ಲಿ ಗುಂಡ ಸತಾಯಿಸುವಾಗ ಅವಳ ತುಟಿಯ ಮೇಲೆ ಸಣ್ಣ ನಗು ಇರುತ್ತಿತ್ತು. ಈಗಲೂ ಮೊದಲು ಅದು ಇತ್ತು. ಆಮೇಲೆ ನಿಧಾನವಾಗಿ ಹೋಯಿತು.

"ಒಪ್ಪೋದಿಲ್ವೇನೋ?" ಎಂದು ಕೇಳಿದಳು.

"ಇಲ್ಲ ಅಕ್ಕಾ."

"ಅವನು ಬರೋದಕ್ಕೆ?"

"ಹೌದು."

ಅವಳ ಬೆರಳುಗಳು ಒಂದಕ್ಕೊಂದು ಬಿಗಿದುಕೊಂಡು ಗೆಣ್ಣು ಬಿಳಿಯಾದವು. ನನ್ನ ಹೆಂಡತಿ ಓಡಿಹೋಗಿ ಅವಳ ಬೆನ್ನು ಹಿಡಿದಳು. ಎಲ್ಲಿ, ಹೇಗೆ ಎಂದು ಅಕ್ಕ ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ: ಏಣಿ, ಆಸ್ಪತ್ರೆ, ಹಳೆಯ ವಿಳಾಸ, ಕಚೇರಿಯ ಮನುಷ್ಯ, ಮುರಿದ ಕುರ್ಚಿಯ ಸುಳ್ಳು. ಅವಳ ಕಣ್ಣಿನ ಅಂಚಿನಿಂದ ನೀರು ಇಳಿದು ಜೋಡಿಸಿದ ಕೈಗಳ ಮೇಲೆ ಬೀಳುತ್ತಿತ್ತು. ಉಸಿರು ಏರಿತು, ಮತ್ತೆ ತನ್ನ ಜಾಗಕ್ಕೆ ಬಂತು. ನಾವು ಹೆದರಿದ್ದ ಆ ಎದೆ ನಿಲ್ಲಲಿಲ್ಲ.

ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವಳು ಬೈಯಲಿಲ್ಲ. "ನಾನು ಇಷ್ಟು ದಿನ ಅವನ ಹಡಗಿಗೆ ಬೇಡಿಕೊಂಡೆ. ಅವನಿಗೆ ಬೇಕಾಗಿದ್ದದ್ದು ಅದಲ್ಲ" ಎಂದಳು. ಆ ಒಂದು ಮಾತಿನ ಭಾರವನ್ನು ನಾನು ಇಂದಿಗೂ ಹೊತ್ತಿದ್ದೇನೆ.

ಆಮೇಲೆ ಕೇಳಿದಳು: "ಅವನಿಗೆ ಬೇಕಾದ್ದನ್ನ ನೀನಾದರೂ ಬೇಡಿಕೊಂಡ್ಯಾ?"

"ಬೇಡಿಕೊಂಡೆ. ಕೆಳಗೆ, ಹೆಣೀತಾ."

"ಒಬ್ಬನೇ?"

"ಒಬ್ಬನೇ."

"ಹಾಗಾದರೆ ಮುದ್ರೆ ಬಿದ್ದಿಲ್ಲ. ಈಗ ಗಟ್ಟಿಯಾಗಿ ಹೇಳು. ಹೆಸರು ಹಿಡಿದು ಹೇಳು. ಆಮೆನ್ ನಾನು ಅಂತೀನಿ."

ನಮ್ಮ ಮನೆಯಲ್ಲಿ ಅಕ್ಕನ ಮುಂದೆ ಬೇರೆ ಯಾರೂ ಗಟ್ಟಿಯಾಗಿ ಪ್ರಾರ್ಥಿಸಿದ್ದಿಲ್ಲ. ನನಗೆ ಮೊಣಕಾಲೂರುವುದಕ್ಕೆ ಆಸರೆ ಬೇಕಾಯಿತು. ಹೊಸ ಬೆತ್ತದ ಮೇಲೆ ಎರಡು ಕೈಯನ್ನೂ ಊರಿದೆ, ಅದು ತಡೆದುಕೊಂಡಿತು. ಅಕ್ಕನ ಕೈ ಇನ್ನೂ ಜೋಡಿಸಿಯೇ ಇತ್ತು. ನಾನು ಹೇಳಿದೆ:

"ಸ್ವಾಮೀ, ನಮ್ಮ ಗುಂಡ ನಿನ್ನ ಹತ್ತಿರ ಬಂದಿದ್ದಾನೆ. ನಮಗಿಂತ ಮೊದಲು ನಿನಗೆ ಗೊತ್ತಾಯಿತು. ಅವನು ಬಿದ್ದಾಗ ಹಿಡಿದುಕೊಳ್ಳಲು ನಾವು ಯಾರೂ ಇರಲಿಲ್ಲ, ನೀನಿದ್ದೆ. ಅಲ್ಲಿ ಅವನಿಗೆ ಮಣ್ಣು ಹಾಕಿದ ಗುರುತಿಲ್ಲದ ಕೈಗಳನ್ನು ಹರಸು. ಅವನು ತಾಯಿಯ ಮುಖ ನೋಡಿದವನಲ್ಲ, ಅವಳ ಹತ್ತಿರ ಕರೆದುಕೊಂಡು ಹೋಗಿ ತೋರಿಸು. ಎಂಜಿನ್ನಿನ ಸದ್ದಿನಲ್ಲಿ ಬಾಳಿದವನಿಗೆ ಇನ್ನು ನಿನ್ನ ಮೌನ ಕೊಡು, ಕತ್ತಲ ಕೋಣೆಯಲ್ಲಿ ದುಡಿದವನಿಗೆ ನಿನ್ನ ಆರದ ಬೆಳಕು ಕೊಡು. ನಾವು ಅವನಿಗೆಂದು ಇಟ್ಟ ಕುರ್ಚಿ ಇಲ್ಲೇ ಇರುತ್ತದೆ. ನಿನ್ನ ಮನೆಯಲ್ಲಿ ಅವನಿಗೊಂದು ಜಾಗ ತೋರಿಸು. ಅಲ್ಲಿ ಅವನು ಕೂತು ದಣಿವಾರಿಸಿಕೊಳ್ಳಲಿ, ಶಾಂತಿಯಿಂದಿರಲಿ."