ಮನೆಯ ಜಾಗದಲ್ಲಿ ಕೊಳ

ಡಮ್ ಡಮ್‌ನಲ್ಲಿ ನಾವು ಫ್ಲ್ಯಾಟ್ ಕೊಂಡು ಒಂದು ವರ್ಷವಾಗಿತ್ತು. ಒಂದು ಸಂಜೆ ನನ್ನ ಮಗಳು ಸಿಂಧೂರ ಸೈಬರ್ ಕೆಫೆಯಿಂದ ಮುದ್ರಿಸಿ ತಂದ ಚಿತ್ರದಲ್ಲಿ ನಮ್ಮ ಮನೆಯೇ ಇರಲಿಲ್ಲ.

ಅದು ಒಂಬತ್ತನೇ ತರಗತಿಯ ಭೂಗೋಳದ ಪ್ರಾಜೆಕ್ಟು. ಮನೆಯ ಸುತ್ತ ಇರುವ ಕೊಳಗಳನ್ನೂ ಇದ್ದು ಹೋದ ಕೊಳಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಮೊದಲು ಉಪಗ್ರಹದ ಚಿತ್ರ ನೋಡಿ, ಆಮೇಲೆ ನಡೆದುಹೋಗಿ ಕಣ್ಣಾರೆ ನೋಡಬೇಕು. ೨೦೦೬ರ ಮಾತು. ಆಕಾಶದಿಂದ ತೆಗೆದ ಚಿತ್ರಗಳು ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗತೊಡಗಿದ್ದವು. ಪಕ್ಕದ ಸಾಲ್ಟ್ ಲೇಕ್ ಬಡಾವಣೆಯಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಕಂಪನಿ ಏಳುತ್ತಿದ್ದ ಕಾಲ, ಶಾಲೆಗಳಿಗೂ ಅದೇ ಹುಚ್ಚು.

"ಅಪ್ಪಾ, ಇದು ನಮ್ಮ ಲೇನ್. ಇದು ವಾಟರ್ ಟ್ಯಾಂಕ್," ಎಂದು ಬೆರಳಿಟ್ಟು ತೋರಿಸಿದಳು. "ಬಿಲ್ಡಿಂಗ್ ಇಲ್ಲ. ಪಾಂಡ್ ಐತಿ."

ಕಾಗದವನ್ನು ತಿರುಗಿಸಿ ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸಿಯಾಲ್ದಾದ ರೈಲ್ವೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಹಳಿಗಳ ನಕ್ಷೆ ನೋಡಿದವನಿಗೂ ತಲೆ ಕೆಟ್ಟುಹೋಯಿತು. ಓಣಿ ತಿರುಗುವಲ್ಲಿ ಕಪ್ಪು ಹಸಿರಿನ ಒಂದು ಚೌಕವಿತ್ತು. ನಾನು ಆಗ ಕೂತು ಚಹಾ ಕುಡಿಯುತ್ತಿದ್ದದ್ದು ಅದರ ನಟ್ಟನಡುವೆ.

"ಕಂಪ್ಯೂಟರ್ ತಪ್ಪು ತೋರಸ್ತೈತಿ," ಎಂದೆ.

"ತಪ್ಪಲ್ಲ, ಹಳೇದು. ಫೋಟೋ ನಾಕೈದು ವರ್ಷ ಓಲ್ಡ್ ಇರ್ತಾವ ಅಂತ ಮಿಸ್ ಹೇಳ್ಯಾರ."

ನನ್ನ ಹೆಂಡತಿ ವಾಸಂತಿಗೆ ನೆನಪಾದದ್ದು ಗೃಹಪ್ರವೇಶ. ನಮ್ಮ ಧಾರವಾಡದ ಕಡೆ ಹೊಸ ಮನೆ ಹೊಗುವ ಮುಂಚೆ ಹತ್ತಿರದ ಬಾವಿಯಿಂದಲೋ ಕೆರೆಯಿಂದಲೋ ಕೊಡದಲ್ಲಿ ಗಂಗೆಯನ್ನು ತರಬೇಕು. ಹತ್ತಿರ ಎಲ್ಲೂ ನೀರಿಲ್ಲ, ಇದು ಮೊದಲಿನಿಂದಲೂ ಗಟ್ಟಿ ನೆಲ ಎಂದು ಕಟ್ಟಡ ಕಟ್ಟಿಸಿ ಮಾರಿದ ಪ್ರಮೋಟರ್ ಹೇಳಿದ್ದ. ಅದಕ್ಕೆ ಟ್ಯಾಕ್ಸಿ ಮಾಡಿಕೊಂಡು ಹೂಗ್ಲಿ ನದಿಯವರೆಗೆ ಹೋಗಿ ಕೊಡ ತುಂಬಿ ತಂದಿದ್ದೆವು.

"ಅಷ್ಟ ದೂರದಿಂದ ಗಂಗಿ ತಂದು ಗಂಗಿ ಮ್ಯಾಲನ ಇಟ್ಟಿವಿ ಅಂದಂಗಾತು," ಎಂದಳು ವಾಸಂತಿ. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಕೆಳಗಿನ ಮನೆಯ ಶೋಭನಾ-ದಿ ಈ ಓಣಿಯಲ್ಲೇ ಹುಟ್ಟಿ ಬೆಳೆದವರು. ಹೋಗಿ ಕೇಳಿದೆ. "ಆ ಪುಕುರ್‌ನಲ್ಲೇ ನಾನು ಈಜು ಕಲಿತದ್ದು," ಎಂದು ಕೊಳಕ್ಕೆ ಬಂಗಾಳಿಯ ಹೆಸರನ್ನೇ ಇಟ್ಟು ಹಿಂದಿಯಲ್ಲಿ ಹೇಳಿ ದನಿ ತಗ್ಗಿಸಿದರು. "ಕೊಳ ಮುಚ್ಚಿ ಮನೆ ಕಟ್ಟುವ ಹಾಗಿಲ್ಲ, ದಾದಾ. ಮುನ್ಸಿಪಾಲಿಟಿಯ ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ. ಗೊತ್ತಾದರೆ ನಾವೆಲ್ಲ ಬೀದಿಗೆ. ಸುಮ್ಮನಿದ್ದುಬಿಡಿ."

ಶನಿವಾರ ಶಾಲೆಯಲ್ಲಿ ನಕ್ಷೆಗಳ ಪ್ರದರ್ಶನ. ಬಹುಮಾನ ಕೊಡಲು ಬರುವವರು ಅದೇ ಮುನ್ಸಿಪಾಲಿಟಿಯ ಎಂಜಿನಿಯರ್. ನಾನು ಮೆಟ್ಟಿಲು ಹತ್ತಿ ಮನೆಗೆ ಬರುವಷ್ಟರಲ್ಲಿ ಸಿಂಧೂರ ನಮ್ಮ ಕಟ್ಟಡ ಬರೆದು, ಸುತ್ತ ನೀಲಿ ಪೆನ್ಸಿಲ್ಲಿನಲ್ಲಿ ಚುಕ್ಕೆಯ ಗೆರೆ ಎಳೆದು, ಇಲ್ಲೊಂದು ಕೊಳವಿತ್ತು ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅಷ್ಟು ಅಚ್ಚುಕಟ್ಟಾದ ನಕ್ಷೆ ನಮ್ಮ ಕಚೇರಿಯಲ್ಲೂ ನಾನು ಕಂಡಿರಲಿಲ್ಲ. ಹೆಮ್ಮೆಯಾಯಿತು, ಎಂಜಿನಿಯರ್ ಇದನ್ನು ನೋಡಿದರೆ ಎಂಬ ಭಯವೂ ಆಯಿತು.

"ಆ ಚುಕ್ಕಿ ಅಳಸವ್ವ," ಎಂದೆ.

"ಯಾಕ? ಖರೇನ ಐತೆಲ್ಲ."

"ಈಗ ಅಲ್ಲಿ ಏನೈತಿ? ಮನಿ. ಮನಿ ಒಂದ ಬರಿ, ಸಾಕು."

"ಹೋಗಿದ್ದೂ ಬರೀಬೇಕು, ಅಪ್ಪಾ. ಪ್ರಾಜೆಕ್ಟೇ ಅದು."

"ಈ ಮನಿ ಹೋತಂದ್ರ ಎಲ್ಲಿರೋಣು? ಅದನ್ನೂ ನಿಮ್ಮ ಮಿಸ್ಸಿಗೆ ಕೇಳಿ ಬಾ," ಎಂದು ರೇಗಿದೆ.

ಅವಳು ರಬ್ಬರ್ ತೆಗೆದುಕೊಂಡು ಒಂದೊಂದೇ ಚುಕ್ಕೆಯನ್ನೂ ಕೊನೆಗೆ ಆ ಬರಹವನ್ನೂ ಅಳಿಸಿದಳು. ನಾನು ಪಕ್ಕದಲ್ಲೇ ಕಾವಲುಗಾರನ ಹಾಗೆ ನಿಂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಶನಿವಾರ ಗೋಡೆಯ ತುಂಬ ನಕ್ಷೆಗಳಿದ್ದವು. ಪಕ್ಕದ ಬೀದಿಯ ಮೂವರು ಮಕ್ಕಳು ಅದೇ ತರಗತಿಯವರು, ನಮ್ಮ ಓಣಿ ಅವರ ನಕ್ಷೆಗೂ ಸೇರಿತ್ತು. ಮೂವರ ನಕ್ಷೆಯಲ್ಲೂ ನಮ್ಮ ಮನೆಯ ಜಾಗದಲ್ಲಿ ದೊಡ್ಡದೊಂದು ನೀಲಿ ಕೊಳ ತುಂಬಿ ನಿಂತಿತ್ತು. ಯಾರೂ ಹೊರಗೆ ಹೋಗಿ ನೋಡಿರಲಿಲ್ಲ, ಕಂಪ್ಯೂಟರಿನಲ್ಲಿ ಕಂಡದ್ದನ್ನು ಹಾಗೇ ಇಳಿಸಿದ್ದರು. ಎಂಜಿನಿಯರ್ ಆ ಮೂರರ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ಅವರು ಸಿಂಧೂರಳ ನಕ್ಷೆಯ ಕಡೆ ಸರಿದರು.

"ಈ ಓಣಿಯಲ್ಲಿ ನಿನ್ನೆಯಷ್ಟೇ ಓಡಾಡಿದ್ದೇನೆ," ಎಂದರು ಮೈಕಿನಲ್ಲಿ. "ಅಲ್ಲಿ ನಾಲ್ಕು ಮಹಡಿಯ ಕಟ್ಟಡವಿದೆ, ಕೊಳವಿಲ್ಲ. ಉಳಿದವರು ಕಂಪ್ಯೂಟರ್ ನಂಬಿ ಕೂತರು, ಈ ಹುಡುಗಿ ಒಬ್ಬಳೇ ಹೋಗಿ ನೋಡಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾಳೆ."

ಮೊದಲ ಬಹುಮಾನ ಅವಳಿಗೆ. ತಪ್ಪು ಬರೆದ ಮಕ್ಕಳ ನಕ್ಷೆಯಲ್ಲಿ ನಿಜವಿತ್ತು, ಸರಿ ಬರೆದ ನನ್ನ ಮಗಳದರಲ್ಲಿ ಸುಳ್ಳಿತ್ತು. ಇದನ್ನು ಯಾರಿಗೆ ಹೇಗೆ ಬಿಡಿಸಿ ಹೇಳಲಿ? ಮನೆ ಉಳಿಯಿತು ಎಂಬ ಸಮಾಧಾನಕ್ಕೆ ಚಪ್ಪಾಳೆ ತಟ್ಟಿದೆ, ತಟ್ಟುತ್ತಿರುವುದು ಸರಿಯೋ ತಪ್ಪೋ ಗೊತ್ತಾಗದೆ ನಡುವೆಯೇ ನಿಲ್ಲಿಸಿದೆ.

ಸಿಂಧೂರ ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರ ಬಂದಳು. ಬೆಳ್ಳಿ ಬಣ್ಣದ ಬಹುಮಾನದ ಕಪ್ಪನ್ನು ನನ್ನ ಕೈಯಲ್ಲಿಟ್ಟಳು.

"ತಗೋರಿ ಅಪ್ಪಾ, ಇದು ನಿಮ್ದು."

ಕನ್ನಡ ತಿಳಿಯದ ಸುತ್ತಲಿನವರು, ಅಪ್ಪನ ಮೇಲೆ ಎಷ್ಟು ಗೌರವ ನೋಡಿ ಎಂದು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.