ಹತ್ತು ಲಕ್ಷನೆಯ ಅವಿಭಾಜ್ಯ

ಬೆಳಗಾವಿಯ ಒಂದು ಕಾಲೇಜಿನ ಹಲಗೆಯ ಮುಂದೆ ಪೂರ್ಣಿಮಾ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅತಿಥಿ ಉಪನ್ಯಾಸಕಿ ಎಂಬ ಅಂದದ ಹೆಸರಿನಲ್ಲಿ ವರ್ಷಗಟ್ಟಲೆ ಜೀವ ತೇದಿದ್ದಳು. ಇಂದಿನ ಮಾದರಿ ಪಾಠ ಗೆದ್ದರೆ ಕಾಯಂ ನೌಕರಿ. ಸೋತರೆ ವಯಸ್ಸು ಮೀರುತ್ತದೆ, ಇನ್ನೊಂದು ಅವಕಾಶವಿಲ್ಲ.

ಇಂಥ ದಿನವೇ ಪಾಠದ ಹಾಳೆಯನ್ನು ಖಾನಾಪುರದ ಮನೆಯಲ್ಲಿ ಮರೆತು ಬಂದಿದ್ದಳು. ಅತ್ತೆಗೆ ಫೋನು ಮಾಡಿ, ಅದರಲ್ಲಿದ್ದ ಸಂಖ್ಯೆಯನ್ನು ಓದಿಸಿ ಅಂಗೈ ಮೇಲೆ ಬರೆದುಕೊಂಡಿದ್ದಳು. ಅತ್ತೆ ಮರಾಠಿ ಮನೆತನದವರು. ಕನ್ನಡವನ್ನು ನೀರು ಕುಡಿದಂತೆ ಆಡುತ್ತಿದ್ದರು, ಎಣಿಕೆ ಮಾತ್ರ ತವರಿನ ಭಾಷೆಯಲ್ಲೇ.

ಹಲಗೆಯ ಮೇಲೆ 15845863 ಎಂದು ಬರೆದಳು.

“ಅವಿಭಾಜ್ಯ ಸಂಖ್ಯೆಗಳ ಸಾಲಿನಾಗ ಇದು ಹತ್ತು ಲಕ್ಷನೇದು. ಒಂದು ಮತ್ತ ಇದನ್ನ ಬಿಟ್ಟರ ಬ್ಯಾರೆ ಯಾವುದರಿಂದಲೂ ಪೂರಾ ಭಾಗ ಹೋಗಂಗಿಲ್ಲ.”

ಆಯ್ಕೆ ಸಮಿತಿಯ ರಾಮಲಿಂಗ ಸರ್ ಹುಬ್ಬೇರಿಸಿದರು. “ಎರಡೆರಡು ಅಂಕಿ ಜೋಡಿ ಮಾಡಿ ಕೂಡಸ್ರಿ ಬಾಯಾರ.”

15, 84, 58, 63. ಕೂಡಿಸಿದರೆ 220.

“ಇನ್ನೂರಾ ಇಪ್ಪತ್ತು ಹನ್ನೊಂದರಿಂದ ಹೋಗತೈತಿ. ಜೋಡಿಗಳ ಮೊತ್ತ ಹೋದರ ಪೂರಾ ಸಂಖ್ಯೆನೂ ಹೋಗತೈತಿ, ಇದ ನಿಯಮ. ಇದೆಂಥಾ ಅವಿಭಾಜ್ಯರೀ?”

ಪಾಠ ಕೇಳಲು ಕೂತ ಹುಡುಗರು ಕಿಸಕ್ಕನೆ ನಕ್ಕರು.

“ನಮ್ಮ ಅತ್ತಿ ಫೋನಿನಾಗ ತಪ್ಪ ಓದ್ಯಾರ್ರಿ ಸರ್.” ಪೂರ್ಣಿಮಾಳ ಬಾಯಿಗೆ ಬಂದದ್ದು ಬಂದೇಬಿಟ್ಟಿತು.

“ಹಂಗಾರ ಅವರನ್ನ ಕೇಳೂಣು. ಎಲ್ಲಾರಿಗೂ ಕೇಳೂವಂಗ ಫೋನ್ ಹಚ್ಚರಿ.”

ಮತ್ತೊಮ್ಮೆ ಓದಲು ಹೇಳಿದಾಗ ಅತ್ತೆ ನಿಧಾನವಾಗಿ ಓದಿದರು: “ಪಂಧರಾ, ಅಠ್ಠೇಚಾಳೀಸ, ಅಠ್ಠಾವನ್ನ, ತ್ರೇಸಷ್ಟ.”

ಪೂರ್ಣಿಮಾ ಅಂಗೈ ನೋಡಿಕೊಂಡಳು. ಅಠ್ಠೇಚಾಳೀಸ ಎಂದರೆ ನಲವತ್ತೆಂಟು. ಮರಾಠಿಯಲ್ಲಿ ಎಂಟು ಮೊದಲು, ನಲವತ್ತು ಆಮೇಲೆ. ಬೆಳಿಗ್ಗೆ ಗಡಿಬಿಡಿಯಲ್ಲಿ ಆ ಜೋಡಿಯನ್ನಷ್ಟೇ ಕಿವಿಗೆ ಬಿದ್ದ ಹಾಗೇ ಎಂಟು ಬರೆದು, ಆಮೇಲೆ ನಾಲ್ಕು ಬರೆದವಳು ತಾನೇ.

“ಮುಂಜಾನೆ ನೀವು ತಪ್ಪ ಓದಿದ್ರಂತ. ಹೌದೇನ್ರಿ ಅಮ್ಮಾರ?” ಸರ್ ಫೋನಿನತ್ತ ಬಾಗಿ ಕೇಳಿದರು.

ಆ ಕಡೆ ಹಾಳೆ ಮಡಚಿದ ಸದ್ದಾಯಿತು.

“ಹೌದ್ರಿ ಸಾಹೇಬ್ರ,” ಎಂದರು ಅತ್ತೆ. “ಕಣ್ಣಿಗೆ ಚಾಳೀಸ, ಕನ್ನಡಕ, ಹಾಕ್ಕೊಂಡಿರಲಿಲ್ಲ, ಕಣ್ಣ ಮಬ್ಬು. ತಪ್ಪು ನಂದ. ನಮ್ಮ ಸೊಸಿ ಭಾಳ ಶಾಣ್ಯಾಕಿ, ಆಕಿ ನೌಕರಿ ಕಳೀಬ್ಯಾಡ್ರಿ.”

“ಇರ್ಲಿ ಬಿಡ್ರಿ, ಕಣ್ಣಿನ ತಪ್ಪು.” ಸರ್ ಅಂಕ ಹಾಕಲು ಪೆನ್ನು ಎತ್ತಿಕೊಂಡರು. “ಬಾಯಾರ, ಪಾಠ ಮುಂದುವರಸ್ರಿ.”

ಬಚಾವಾಗಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅತ್ತೆ ತಪ್ಪನ್ನು ತಮ್ಮ ಮೇಲೆ ಹೊತ್ತದ್ದಕ್ಕೆ ಅವಳಿಗೆ ನಾಚಿಕೆಯಾಯಿತು. 84 ಅಳಿಸಿ 48 ಬರೆದಳು.

“ಈಗ ಕೂಡಿಸಿದರ ನೂರಾ ಎಂಬತ್ನಾಲ್ಕು. ಹನ್ನೊಂದರಿಂದ ಹೋಗಂಗಿಲ್ಲ. ಅವರು ಮುಂಜಾನೆನೂ ಸರೀನ ಓದಿದ್ರು ಸರ್. ತಪ್ಪ ಬರದಾಕಿ ನಾನು. ಅವರ ಮ್ಯಾಲ ಹಾಕಿದಾಕಿನೂ ನಾನು.”

ರಾಮಲಿಂಗ ಸರ್ ಪೆನ್ನನ್ನು ಕೆಳಗಿಟ್ಟರು.

“ಏ ಹುಚ್ಚಿ,” ಫೋನಿನಲ್ಲಿ ಅತ್ತೆಯ ದನಿ ಒಡೆದಿತ್ತು, “ಸುಮ್ಮ ಇರಾಕ ಏನಾಗಿತ್ತ ನಿನಗ!”