ಸಿಂಹದ ನಾಲಿಗೆ

ನಾಯಿಗೆ ದೊರೆ ಎಂದು ಹೆಸರಿಟ್ಟದ್ದು ತಮಾಷೆಗೆ. ಹದಿಮೂರು ವರ್ಷದಲ್ಲಿ ಅದು ಆ ಹೆಸರನ್ನು ನಿಜವೆಂದೇ ನಂಬಿಬಿಟ್ಟಿತ್ತು. ಈಗ ಹೃದಯದ ಕಾಯಿಲೆ. ಮಾತ್ರೆಯನ್ನು ಬ್ರೆಡ್ಡಿನಲ್ಲಿ ಹುದುಗಿಸಿದರೆ ಬ್ರೆಡ್ಡು ಮಾಯ, ಮೊಟ್ಟೆಯಲ್ಲಿ ಅಡಗಿಸಿದರೆ ಮೊಟ್ಟೆ ಮಾಯ; ಮಾತ್ರೆಯೊಂದು ತೊಳೆದಿಟ್ಟ ಹಾಗೆ ತಟ್ಟೆಯ ಅಂಚಿನಲ್ಲಿ ಕೂತಿರುತ್ತಿತ್ತು. ಮೂರು ದಿನ ಹೀಗೇ ಕಳೆದ ಮೇಲೆ ಪಶುವೈದ್ಯರು ಕಡ್ಡಿ ಮುರಿದ ಹಾಗೆ ಹೇಳಿದರು:

“ನಮ್ಮ ಕಾಂಪೌಂಡರಮ್ಮನ ಎದುರಿಗೆ ನೀವೇ ಒಂದು ಮಾತ್ರೆ ನುಂಗಿಸಿ ತೋರಿಸಿ, ಮನೆಗೆ ಕರ್ಕೊಂಡು ಹೋಗಿ. ಆಗಲ್ವಾ, ಇಲ್ಲೇ ಬಿಡಿ, ದಿನಾ ಸೂಜೀಲಿ ಮದ್ದು ಕೊಡ್ತೀವಿ.”

ಇಲ್ಲೇ ಎಂದರೆ ಹಿಂದಿನ ಕೋಣೆಯ ಬೋನು. ಎರಡು ವರ್ಷದ ಹಿಂದೆ ಕಾಲಿಗೆ ಗಾಯವಾಗಿ ಅಲ್ಲಿ ಬಿಟ್ಟಾಗ ದೊರೆ ಗೋಡೆಗೆ ಮುಖ ತಿರುಗಿಸಿ ಎರಡು ದಿನ ನೀರೂ ಮುಟ್ಟಿರಲಿಲ್ಲ. ಆಗ ಮೈಯಲ್ಲಿ ಕಸುವಿತ್ತು. ಈ ಸಲ ಒಳಗೆ ಹೋದರೆ ಹೊರಗೆ ಬರುವುದಿಲ್ಲ ಎಂದು ತಿಳಿಯಲು ದೊರೆಯ ಒಡತಿ ಕಾರ್ಡಕ್ಕ ಕಾರ್ಡು ಹಾಕಿ ನೋಡಬೇಕಾಗಿರಲಿಲ್ಲ.

ಕಾರ್ಡು ಹಾಕುವುದೇ ಅವಳ ಕಸುಬು. ಇಪ್ಪತ್ತು ವರ್ಷದಿಂದ ಭವಿಷ್ಯ ಹೇಳುವ ಎಪ್ಪತ್ತೆಂಟು ಟ್ಯಾರೋ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಚಿತ್ರಗಳಿಗೆ ಅರ್ಥ ಹೇಳಿ, ಎಷ್ಟೋ ಮಂದಿಯ ಮುಖ ಅರಳಿಸಿದವಳು. ಊರಿಗೆಲ್ಲ ಕಾರ್ಡಕ್ಕ. ಒಡಹುಟ್ಟಿದ ತಮ್ಮನಿಗೆ ಮಾತ್ರ ಪುಕ್ಕಟೆ ಮನರಂಜನೆ.

ಮೊದಲ ಪ್ರಯತ್ನ ಸುಖವಾಗಿ ಮುಗಿಯಲಿಲ್ಲ. ಸ್ಟೀಲಿನ ಮೇಜಿನ ಮೇಲೆ ನಿಂತ ದೊರೆಯ ಎದುರಿಗೆ ಅವಳು ಸೆಟೆದು ನಿಂತಳು, ಹಲ್ಲುಗಳನ್ನೇ ದುರುಗುಟ್ಟಿ ನೋಡಿದಳು, ಕೈ ಚಾಚಿದಳು. ಗುರ್ ಎಂದ ಸದ್ದಿಗೆ ಕೈ ತಾನಾಗಿ ಹಿಂದೆ ಬಂತು. ಮಾತ್ರೆ ಹಾರಿ ತೂಕದ ಯಂತ್ರದ ಕೆಳಗೆ ಉರುಳಿತು.

“ಅಕ್ಕಾ, ಊರವರಿಗೆಲ್ಲ ಸಿಂಹ ಪಳಗಿಸೋ ಪಾಠ ಹೇಳ್ತೀಯ. ಮನೆ ನಾಯಿ ಮುಂದೆ ಹಿಂಗಾ?” ಎಂದ ತಮ್ಮ.

“ಯಾವ ಸಿಂಹ?” ಎಂದು ಕೇಳಿದಳು ಕಾಂಪೌಂಡರಮ್ಮ. ಐವತ್ತು ದಾಟಿದ ಕಡ್ಡಿಯಂಥ ಹೆಂಗಸು. ಮೊಣಕೈವರೆಗೆ ಗೀರುಗಳು, ಎಲ್ಲವೂ ಹಳೆಯವು.

ತಮ್ಮ ಅಕ್ಕನ ಚೀಲಕ್ಕೆ ಕೈ ಹಾಕಿ ‘ಶಕ್ತಿ’ ಎಂಬ ಕಾರ್ಡನ್ನು ಹೆಕ್ಕಿ ತೆಗೆದ. ಬಿಳಿ ಉಡುಪಿನ ಹೆಂಗಸೊಬ್ಬಳು ಬಾಗಿ, ಸಿಂಹದ ಬಾಯಿಗೆ ಎರಡೂ ಕೈ ಹಾಕಿದ್ದಾಳೆ. ಅವಳ ಸೊಂಟದಿಂದ ಸಿಂಹದ ಕೊರಳವರೆಗೆ ಹೂವಿನ ಹಾರ, ತಲೆಯ ಮೇಲೆ ಮಲಗಿಸಿದ ಎಂಟರಂಥ ಗುರುತು.

“ಬಾಯಿ ಮುಚ್ಚಿಸ್ತಿದಾಳೆ. ಒಳಗಿನ ಸಿಟ್ಟನ್ನ ಅದುಮೋದು ಅಂತ ಅರ್ಥ,” ಎಂದಳು ಕಾರ್ಡಕ್ಕ, ಇದ್ದ ಚೂರು ಮರ್ಯಾದೆಯನ್ನು ಉಳಿಸಿಕೊಳ್ಳುತ್ತ. ಮುಚ್ಚಿಸುತ್ತಿದ್ದಾಳೋ ತೆರೆಯುತ್ತಿದ್ದಾಳೋ ಎಂದು ಗಿರಾಕಿಗಳು ಕೇಳಿದ್ದುಂಟು. ‘ನಿಮಗೇನನ್ನಿಸುತ್ತೆ?’ ಎಂದು ಮೆಲ್ಲಗೆ ಕೇಳಿ ಅವಳು ಅಷ್ಟೂ ಸಲ ಪಾರಾಗಿದ್ದಳು.

ಕಾಂಪೌಂಡರಮ್ಮ ಕೈ ಒರೆಸಿಕೊಂಡು, ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಎಕ್ಸ್‌ರೇ ನೋಡುವ ಹಾಗೆ ನೋಡಿದಳು.

“ಮುಚ್ಚಿಸೋದೂ ಅಲ್ಲ, ತೆಗೆಸೋದೂ ಅಲ್ಲ ಮೇಡಂ. ಕೆಲಸ ಮುಗಿದಿದೆ. ನಾಲಿಗೆ ಹೊರಗೆ ಬಂದಿದೆ ನೋಡಿ. ನುಂಗಿದ ಮೇಲೇನೇ ಅದು ನೆಕ್ಕೋದು. ಈಯಮ್ಮ ಮಾತ್ರೆ ಹಾಕಿ ಆಗಿದೆ.”

ತಮ್ಮ ನಗುತ್ತ ಬಂದು ಕಾರ್ಡಿನತ್ತ ಬಾಗಿದ. ಕಾಂಪೌಂಡರಮ್ಮ ಚಿತ್ರದ ಮೇಲೆ ಬೆರಳಿಟ್ಟಳು.

“ಎದುರಿಗೆ ನಿಂತಿಲ್ಲ ನೋಡಿ, ಪಕ್ಕದಲ್ಲಿದಾಳೆ. ಎದುರಿಗೆ ನಿಂತ್ರೆ ಜಗಳಕ್ಕೆ ಬಂದ್ರು ಅಂತ ಅಂದ್ಕೊಳ್ಳುತ್ತೆ. ಒಂದು ಕೈ ಮೇಲೆ, ಒಂದು ಕೈ ಗದ್ದದ ಕೆಳಗೆ. ಬಿಳಿ ಬಟ್ಟೆ ಹಾಕ್ಕೊಂಡು ಜೊಲ್ಲಿನ ಕೆಲಸಕ್ಕೆ ಇಳಿದಿದಾಳೆ ಅಂದ್ರೆ ಕೈ ಮೇಲೆ ಅಷ್ಟು ನಂಬಿಕೆ. ನನ್ನ ಏಪ್ರನ್ ನೋಡಿ, ಹೆಂಗಾಗಿದೆ! ಈ ಹೂವೇನು?”

“ಅದು... ಸಂಕೋಲೆ. ಇಬ್ಬರನ್ನೂ ಕಟ್ಟಿರೋದು.”

“ಹೂವಿಂದು, ಎಳೆದ್ರೆ ಪಟ್ಟಂತ ಹರಿಯುತ್ತೆ. ಹರಿದಿಲ್ಲ. ಅಂದ್ರೆ ಯಾರೂ ಎಳೀತಿಲ್ಲ.”

ಇಪ್ಪತ್ತು ವರ್ಷ ಸಾವಿರಾರು ಸಲ ಮಗುಚಿದ ಕಾರ್ಡು. ಆ ನಾಲಿಗೆ ಅಲ್ಲೇ ಇತ್ತು, ಕೆಂಪಗೆ. ಕಾರ್ಡಕ್ಕನಿಗೆ ನಾಚಿಕೆಯಾಗಬೇಕಿತ್ತು, ಆದದ್ದು ಬೆರಗು. ತನ್ನ ಅಂಗಡಿಯ ಸರಕನ್ನೇ ಮತ್ತೊಬ್ಬಳ ಕೈಯಲ್ಲಿ ಮೊದಲ ಸಲ ನೋಡಿದ ಹಾಗೆ.

“ತಲೆ ಮೇಲಿನ ಎಂಟು?”

“ಕೊನೆಯಿಲ್ಲದ್ದು ಅಂತ. ಅನಂತ.”

“ಸರಿಯಾಗೇ ಹಾಕಿದಾರೆ,” ಎಂದು ತಲೆಯಾಡಿಸಿದಳು ಕಾಂಪೌಂಡರಮ್ಮ. “ದಿನಕ್ಕೆರಡು ಮಾತ್ರೆ, ಬದುಕಿರೋವರೆಗೂ. ಬನ್ನಿ, ಪಕ್ಕಕ್ಕೆ ಬನ್ನಿ.”

ಕಾರ್ಡಕ್ಕ ಪಕ್ಕಕ್ಕೆ ಬಂದು ದೊರೆಯ ಬೆನ್ನಿಗೆ ಮೈ ತಾಗಿಸಿ ಬಾಗಿದಳು. ಹಲ್ಲು ನೋಡಲಿಲ್ಲ, ಕಿವಿಯ ಹಿಂದಿನ ನರೆಗೂದಲು ನೋಡಿದಳು. ಎಡಗೈ ಮೂತಿಯ ಮೇಲೆ, ಕೋರೆಹಲ್ಲಿನ ಹಿಂದೆ ಹೆಬ್ಬೆರಳು. ಗುರ್ ಎಂದಿತು. ಕೈ ಈ ಸಲ ಅಲ್ಲೇ ಇತ್ತು. ಬಲಗೈ ದವಡೆ ಇಳಿಸಿತು, ನಾಲಿಗೆಯ ಬುಡಕ್ಕೆ ಮಾತ್ರೆ, ಬಾಯಿ ಮುಚ್ಚಿತು.

“ಗಂಟಲು ಸವರಿ. ಅದುಮ್ಬೇಡಿ, ಸವರಿ.”

ಸವರಿದಳು. ಏನೂ ಆಗಲಿಲ್ಲ. ಹಿಂದಿನ ಕೋಣೆಯಲ್ಲಿ ಯಾವುದೋ ಬೋನಿನ ಬಾಗಿಲು ಕಿರುಗುಟ್ಟಿತು. ದೊರೆಯ ಕಿವಿ ನಿಮಿರಿತು. ಅವಳ ಕಣ್ಣು ಮಂಜಾಯಿತು, ಕೈ ಮಾತ್ರ ಸವರುತ್ತಲೇ ಇತ್ತು. ಬೆರಳ ಕೆಳಗೆ ಗಂಟಲು ಒಮ್ಮೆ ಏರಿ ಇಳಿಯಿತು.

ಆಮೇಲೆ ನಾಲಿಗೆ ಹೊರಗೆ ಬಂತು. ಅಗಲವಾಗಿ, ನಿಧಾನವಾಗಿ, ಮೂಗನ್ನೂ ಅವಳ ಹೆಬ್ಬೆರಳನ್ನೂ ಒಟ್ಟಿಗೆ ನೆಕ್ಕಿತು.

“ಹೋಯ್ತು,” ಎಂದಳು ಕಾಂಪೌಂಡರಮ್ಮ. “ಕರ್ಕೊಂಡು ಹೋಗಿ.”

ಕಾರ್ಡಕ್ಕ ಕೈ ತೆಗೆಯಲಿಲ್ಲ.

“ಬಿಡೇ ಅಕ್ಕಾ, ಮುಗೀತಲ್ಲ,” ಎಂದ ತಮ್ಮ.

“ಸುಮ್ನಿರೋ. ಅವಳೂ ಬಿಟ್ಟಿಲ್ಲ, ನೋಡು,” ಎಂದು ಅವಳು ಗದ್ದದಿಂದಲೇ ಕಾರ್ಡಿನ ಕಡೆ ತೋರಿಸಿದಳು.

ಹೊರಡುವಾಗ ಕಾರ್ಡಕ್ಕ ಪುಕ್ಕಟೆಯಾಗಿ ಭವಿಷ್ಯ ನೋಡಿಕೊಡುತ್ತೇನೆಂದಳು. ಕಾಂಪೌಂಡರಮ್ಮ ತೂಕದ ಯಂತ್ರದ ಕೆಳಗಿನ ಮಾತ್ರೆಯನ್ನು ಪೊರಕೆಯಿಂದ ಎಳೆಯುತ್ತಿದ್ದಳು. “ಭವಿಷ್ಯ ಬೇಡ ಮೇಡಂ. ಆ ಚಿತ್ರ ಕೊಡ್ತೀರಾ? ಗೋಡೆಗೆ ಅಂಟಿಸ್ತೀನಿ. ಬಂದೋರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.”

ಒಂದು ಕಾರ್ಡು ಕಳೆದರೆ ಕಟ್ಟು ಕೆಲಸಕ್ಕೆ ಬಾರದು. ಕಾರ್ಡಕ್ಕ ಕೊಟ್ಟುಬಿಟ್ಟಳು.

“ಎಪ್ಪತ್ತೇಳರಲ್ಲಿ ಹೆಂಗೆ ನಡೆಸ್ತೀಯ?” ಕಾರಿನ ಬಾಗಿಲು ತೆರೆಯುತ್ತ ಕೇಳಿದ ತಮ್ಮ.

“ಶಕ್ತಿ ಬೇಕು ಅಂದೋರನ್ನ ಇಲ್ಲಿಗೇ ಕಳಿಸ್ತೀನಿ,” ಎಂದು ಅವಳು ಹಿಂದಿನ ಸೀಟಿನಲ್ಲಿ ದೊರೆಯ ಪಕ್ಕ ಕೂತಳು. ಎದುರಿಗಲ್ಲ, ಪಕ್ಕ.